ಎರಡು ಸಲ ಬೆಂದ ಟೋಸ್ಟ್

ಇಂಗ್ಲಿಷ್ ಶಬ್ದಗಳ ಹುಟ್ಟಿನ ಕತೆ ಹೇಳುವುದೆಂದರೆ ನನಗೆ ಊಟಕ್ಕಿಂತ ಇಷ್ಟ. ಕಾರ್ಕಳದ ಶಾಲೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಹೇಳಿದ್ದೇನೆ. ಮನೆಯಲ್ಲಿ ಮಾತ್ರ ನಾನು ಬಾಯಿ ತೆರೆದರೆ ಸಾಕು, ನನ್ನ ಗಂಡ ಹೃಷೀಕೇಶರು “ಒಲೆ ನೋಡಿ ಬರ್ತೇನೆ” ಎಂದು ಎದ್ದುಬಿಡುತ್ತಾರೆ. ಕಾಪುವಿನಲ್ಲಿ ಮನೆಗೆ ತಾಗಿಯೇ ಅವರದೊಂದು ಬೇಕರಿ. ಓದಿದ್ದು ಏಳನೆಯ ಕ್ಲಾಸು. ಮದುವೆಯಾದ ಹೊಸತರಲ್ಲಿ ನೆಂಟರ ಮುಂದೆ ಅವರ ಇಂಗ್ಲಿಷನ್ನು ತಿದ್ದಿ ನಾನು ನಕ್ಕಿದ್ದೆ. ಅಂದಿನಿಂದ ನಾಲ್ಕು ಜನ ಸೇರಿದಲ್ಲಿ ಅವರು ಮಾತಾಡಿದ್ದೇ ಇಲ್ಲ. ಆ ಪಾಪ ನನ್ನದೇ.

ಪಕ್ಕದ ಮನೆಯ ವಲೇರಿಯನ್ ತಮ್ಮ ಮಗಳ ಮದುವೆಗೆ ಕರೆಯಲು ಬಂದರು. ಮಗಳು ಕ್ಯಾರಲ್ ನಮ್ಮ ಬೇಕರಿಯ ಮೆಟ್ಟಿಲ ಮೇಲೆಯೇ ಬೆಳೆದವಳು.

“ಹೃಷಿಯಣ್ಣ, ಟೋಸ್ಟ್ ನಿಮ್ಮದೇ. ಬೇರೆ ಯಾರೂ ಬೇಡ ಅಂತ ಕ್ಯಾರಲ್‌ಳ ಹಟ.”

“ಅದಕ್ಕೆಂತ ಮಾರಾಯ್ರೆ, ಆಯ್ತು.”

ಬೇಕರಿಯವನಿಗೆ ಟೋಸ್ಟ್ ಅಂದರೆ ಚಹಾಕ್ಕೆ ಅದ್ದಿ ತಿನ್ನುವ ಗರಿಗರಿ ಟೋಸ್ಟೇ ತಾನೆ? ಎರಡು ದಿನ ಒಲೆ ಆರಲಿಲ್ಲ. ಆರು ಡಬ್ಬ ತುಂಬಿತು. ಶಬ್ದಪಂಡಿತೆ ನಾನೂ ಜೊತೆಗೆ ಕೂತು ತುಂಬಿಸಿದೆ! ಕ್ರೈಸ್ತರ ಮದುವೆಗೆ ಊಟದ ಹೊತ್ತಿಗೆ ಹೋಗಿ ಬರುವವರು ನಾವು, ಅದಕ್ಕೆ ಮುಂಚೆ ಏನು ನಡೆಯುತ್ತದೆಂದು ನೋಡಿದವರಲ್ಲ.

ಈ ಸಲ ಡಬ್ಬಗಳನ್ನು ಹೊತ್ತು ಬೇಗ ಹೋದೆವು. ಎಲ್ಲರ ಕೈಗೂ ದ್ರಾಕ್ಷಿ ರಸದ ಗ್ಲಾಸು ಬಂತು. ಮೈಕ್ ಹಿಡಿದು ಕಾರ್ಯಕ್ರಮ ನಡೆಸುತ್ತಿದ್ದ ರೋಶನ್ ಎಂಬ ಹುಡುಗ ಕೂಗಿದ: “ಈಗ ಟೋಸ್ಟ್! ಹೃಷೀಕೇಶಣ್ಣ ವೇದಿಕೆಗೆ ಬರಬೇಕು.”

ಇವರು ಒಂದು ಡಬ್ಬ ಎತ್ತಿಕೊಂಡು ಖುಷಿಯಿಂದ ಹೋದರು. “ಇನ್ನೂ ಐದು ಡಬ್ಬ ಉಂಟು,” ಎಂದರು ಮೈಕಿನಲ್ಲಿ.

ಸಭೆ ಗೊಳ್ಳೆಂದಿತು. ರೋಶನ್ ಕಿವಿಯಲ್ಲಿ ಏನೋ ಉಸುರಿದ. ಗ್ಲಾಸು ಎತ್ತಿ ವಧೂವರರನ್ನು ಹರಸಿ ಭಾಷಣ ಮಾಡುವುದೇ ಟೋಸ್ಟ್ ಎಂದು ತಿಳಿದದ್ದೇ ಇವರು ಇಂಗು ತಿಂದ ಮಂಗನಂತೆ ನಿಂತರು. ಎಂದೋ ಓದಿದ್ದ ಆ ಶಬ್ದದ ಕತೆ ನನಗೂ ಆಗಲೇ ಹೊಳೆದದ್ದು. ಇವತ್ತು ಹೀಗೇ ಇಳಿದು ಬಂದರೆ ಈ ಮನುಷ್ಯ ಇನ್ನು ಯಾವ ಸಭೆಗೂ ಕಾಲಿಡುವುದಿಲ್ಲ. ಸೆರಗು ಸಿಕ್ಕಿಸಿಕೊಂಡು ವೇದಿಕೆಗೆ ಓಡಿದೆ.

“ನಿಮ್ಮದು ತಪ್ಪಲ್ಲ,” ಎಂದೆ ಮೆಲ್ಲಗೆ. “ಹಿಂದೆ ಇಂಗ್ಲೆಂಡಿನಲ್ಲಿ ರುಚಿಗೆಂದು ಸುಟ್ಟ ಬ್ರೆಡ್ಡನ್ನು ವೈನಿಗೆ ಹಾಕುತ್ತಿದ್ದರು. ಈ ಟೋಸ್ಟ್‌ಗೆ ಹೆಸರು ಬಂದದ್ದು ತಿನ್ನುವ ಆ ಟೋಸ್ಟ್‌ನಿಂದಲೇ.”

ಮೊದಲ ಬಾರಿಗೆ ಅವರು ನನ್ನ ಮಾತನ್ನು ಪೂರ್ತಿ ಕೇಳಿದರು. ಮೈಕನ್ನು ಹತ್ತಿರ ಎಳೆದುಕೊಂಡು ಅದನ್ನೇ ಸಭೆಗೆ ಹೇಳಿದರು. ಡಬ್ಬದಿಂದ ಒಂದು ಟೋಸ್ಟ್ ತೆಗೆದು ಗ್ಲಾಸಿಗೆ ಅದ್ದಿದರು. ಅಲ್ಲಿಗೆ ನಿಲ್ಲಿಸಲಿಲ್ಲ.

“ಕ್ಯಾರಲ್, ಒಂದು ಸಲ ಬೇಯಿಸಿದರೆ ಅದು ಬ್ರೆಡ್. ಮೂರು ದಿನಕ್ಕೆ ಬೂಸ್ಟು ಬರ್ತದೆ. ಹೋಳು ಮಾಡಿ ಇನ್ನೊಮ್ಮೆ ಬೇಯಿಸಿದರೆ ಟೋಸ್ಟ್, ತಿಂಗಳುಗಟ್ಟಲೆ ಬಾಳ್ತದೆ. ಮೊದಲ ಜಗಳಕ್ಕೇ ಬೆಂದೆವು ಅಂತ ಎದ್ದು ಹೋಗಬೇಡಿ ನೀವು. ನಾನು ಮೂವತ್ತು ವರ್ಷದಿಂದ ಬೇಯ್ತಾ ಇದ್ದೇನೆ. ಟೀಚರನ್ನೇ ಕೇಳಿ!”

ಚಪ್ಪಾಳೆಗೆ ಬ್ಯಾಂಡಿನವರ ಸದ್ದೇ ಕೇಳಲಿಲ್ಲ. ಕ್ಯಾರಲ್ ಅಳುತ್ತ ನಗುತ್ತಿದ್ದಳು. ನಾನೂ ಅಷ್ಟೆ.

ಖಾಲಿ ಡಬ್ಬಗಳನ್ನು ರಿಕ್ಷಾಕ್ಕೆ ಹಾಕಿ ಮನೆಗೆ ಹೊರಟೆವು. ಸ್ವಲ್ಪ ದೂರ ಬಂದ ಮೇಲೆ ಇವರು ಗಂಟಲು ಸರಿಮಾಡಿಕೊಂಡರು.

“ಪ್ರಭಾ, ಈ ರಸ್ಕ್ ಅಂತಾರಲ್ಲ, ಅದು ಎಲ್ಲಿಂದ ಬಂದದ್ದು?”

ಈ ಪ್ರಶ್ನೆಗೆ ಮೂವತ್ತು ವರ್ಷ ಕಾದಿದ್ದೆ. ರಿಕ್ಷಾದವನಿಗೆ ನಿಧಾನ ಹೋಗಪ್ಪಾ ಎಂದು ಹೇಳಿ, ಪೋರ್ಚುಗೀಸರಿಂದ ಶುರುಮಾಡಿದೆ.