ಎರಡು ಸಭೆಗಳ ಜ್ಞಾನಪ್ಪ

ಜ್ಞಾನಪ್ಪನವರು ಒಮ್ಮೆ ಕೈ ಹಿಡಿದರೆ ಸುಲಭಕ್ಕೆ ಬಿಡುತ್ತಿರಲಿಲ್ಲ. ರೇಷ್ಮೆಗೆ ಹೆಸರಾದ ವಿಜಯಪುರದ ಪೇಟೆಬೀದಿಯಲ್ಲಿ ಎದುರಾದವರ ಬಲಗೈಯನ್ನು 'ಸ್ತೋತ್ರ ಕಣಪ್ಪಾ' ಎಂದು ಕ್ರೈಸ್ತರ ರೀತಿಯಲ್ಲಿ ವಂದಿಸುತ್ತ ತಮ್ಮ ಎರಡೂ ಅಂಗೈಗಳೊಳಗೆ ಸೇರಿಸಿಕೊಂಡರೆಂದರೆ ಮುಗಿಯಿತು, ಮನೆಮಂದಿಯ ಯೋಗಕ್ಷೇಮ, ಮಗುವಿನ ಕೆಮ್ಮು, ಹಸು ಗಬ್ಬವಾದ ಸುದ್ದಿ ಎಲ್ಲವನ್ನೂ ವಿಚಾರಿಸಿ ತೃಪ್ತಿಯಾಗುವವರೆಗೆ ಬಿಡುಗಡೆಯಿಲ್ಲ. ಬಸ್ಸು ಹೋದರೆ ಹೋಗಲಿ, ಇನ್ನೊಂದು ಬರುತ್ತದೆ ಎಂಬುದು ಅವರ ಸಿದ್ಧಾಂತ. ಫಿಲೇಚರ್ ಕಾರ್ಖಾನೆಯ ಬಿಸಿನೀರಿನಲ್ಲಿ ರೇಷ್ಮೆಗೂಡು ಅದ್ದಿ ನೂಲು ತೆಗೆಯುತ್ತ ಆಯುಷ್ಯದ ಬಹುಭಾಗ ಕಳೆದ ಆ ಬೆರಳುಗಳು ಎಷ್ಟು ನುಣುಪಾಗಿದ್ದವೆಂದರೆ, ಪಡಿತರದಂಗಡಿಯ ಯಂತ್ರ ಅವರ ಬೆರಳಚ್ಚನ್ನು ಒಪ್ಪುತ್ತಲೇ ಇರಲಿಲ್ಲ. 'ಇದರ ಲೆಕ್ಕದಲ್ಲಿ ನಾನು ಇಲ್ವೇ ಇಲ್ಲ ಕಣಪ್ಪಾ. ನೀನಾದ್ರೂ ಮುಟ್ಟಿ ನೋಡು' ಎಂದು ಅಂಗಡಿಯವನ ಕೈಯನ್ನೂ ಹಿಡಿದುಕೊಂಡು ನಿಲ್ಲುತ್ತಿದ್ದರು.

ಕುಳ್ಳ ಶರೀರ. ಮುಂದೆ ಹೋಗುತ್ತಿರುವ ಯಾರನ್ನೋ ಕೂಗಿ ನಿಲ್ಲಿಸಲು ಹೊರಟವರಂತೆ ತುಸು ಬಾಗಿದ, ಅವಸರದ ನಡಿಗೆ. ಭಾನುವಾರಗಳಲ್ಲಿ ಬಿಳಿ ಪಂಚೆಯ ಮೇಲೆ, ಮದುವೆಗೆ ಹೊಲಿಸಿದ್ದ ಬೂದುಬಣ್ಣದ ಕೋಟು. ಅದರ ಗುಂಡಿಗಳಲ್ಲಿ ಒಂದು ಇನ್ನೊಂದನ್ನು ಹೋಲುತ್ತಿರಲಿಲ್ಲ. ಊರಿನವರೆಲ್ಲ 'ಊಟ ಆಯ್ತಾ' ಎಂದು ಕೇಳುವ ಕಡೆ ಇವರು ಕೇಳುತ್ತಿದ್ದದ್ದು ಬೇರೆ. 'ಅದಿರ್ಲಿ, ಎಲ್ರ ಜೊತೇಲೂ ಮಾತಾಡ್ತಿದೀಯಾ?' ಈ ಪ್ರಶ್ನೆಗೆ ಹೆದರಿ ಇವರನ್ನು ಕಂಡೊಡನೆ ಓಣಿ ಬದಲಿಸಿದವರೂ ಇದ್ದರು.

ಆ ಪ್ರಶ್ನೆಗೊಂದು ಹಿನ್ನೆಲೆಯಿತ್ತು. ಊರಂಚಿನ ಅವರ ಚಿಕ್ಕ ಕ್ರೈಸ್ತ ದೇವಾಲಯದಲ್ಲಿ ತಿಂಗಳಿಗೊಂದು ಭಾನುವಾರ ಕರ್ತನ ಭೋಜನ; ಒಂದೇ ರೊಟ್ಟಿಯನ್ನು ಮುರಿದು ಹಂಚಿಕೊಂಡು, ಒಂದೇ ಬೆಳ್ಳಿಯ ಬಟ್ಟಲಿನಿಂದ ಎಲ್ಲರೂ ಒಂದೊಂದು ಗುಟುಕು ದ್ರಾಕ್ಷಾರಸ ಕುಡಿಯುವ ಸಂಸ್ಕಾರ. ಸಭೆಯವರಲ್ಲಿ, ಅಂದರೆ ಆ ದೇವಾಲಯಕ್ಕೆ ಸೇರಿದವರಲ್ಲಿ, ಯಾರೊಡನೆಯಾದರೂ ಮುನಿಸಿಕೊಂಡವರು ರಾಜಿಯಾಗದೆ ಆ ಬಟ್ಟಲನ್ನು ಮುಟ್ಟಬಾರದೆಂಬುದು ಅಲ್ಲಿನ ಹಳೆಯ ಕಟ್ಟಳೆ. ಸಭೆಯ ಹಿರಿಯರಾದ ಜ್ಞಾನಪ್ಪನವರು ಭೋಜನದ ಹಿಂದಿನ ಸಂಜೆ ಮನೆಮನೆ ಸುತ್ತಿ, ಅತ್ತೆಯ ಕೈಯನ್ನು ಒಂದು ಕೈಯಲ್ಲೂ ಸೊಸೆಯ ಕೈಯನ್ನು ಇನ್ನೊಂದರಲ್ಲೂ ಹಿಡಿದು ಅಂಗಳದ ನಡುವೆ ನಿಂತುಬಿಡುತ್ತಿದ್ದರು. ಉಪದೇಶ ಅವರಿಗೆ ಬರುತ್ತಿರಲಿಲ್ಲ. 'ನಂಗೆ ಕಾಲು ನೋಯ್ತವೆ ಕಣ್ರಮ್ಮಾ, ಬೇಗ ಮಾತಾಡ್ಬಿಡಿ' ಎಂದಷ್ಟೇ ಹೇಳುತ್ತಿದ್ದರು. ಸ್ವಲ್ಪ ಹೊತ್ತಿಗೆ ಯಾರಾದರೊಬ್ಬರಿಗೆ ನಗು ಬರುತ್ತಿತ್ತು, ಜಗಳ ಅಲ್ಲಿಗೆ ಬಿದ್ದುಹೋಗುತ್ತಿತ್ತು.

ಕೊರೊನಾದ ಎರಡನೆಯ ಅಲೆ ಏಳುವ ಹೊತ್ತಿಗೆ ಸರಿಯಾಗಿ ಈಸ್ಟರ್ ಬಂದಿತ್ತು, ಸಭೆಯವರೆಲ್ಲ ಆ ಬಟ್ಟಲಿನಿಂದಲೇ ಕುಡಿದಿದ್ದರು. ಆಮೇಲಿನ ದಿನಗಳಲ್ಲಿ ದೇವರಾಜನ ತಾಯಿ ಉಸಿರಿಗಾಗಿ ಒದ್ದಾಡಿ ತೀರಿಕೊಂಡಳು. ಮಗನಿಗೆ ಮುಖ ನೋಡುವುದಕ್ಕೂ ಬಿಡಲಿಲ್ಲ. ದೇವಾಲಯದ ಬಾಗಿಲು ಮತ್ತೆ ತೆರೆದಾಗ, ಪೇಟೆಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ದೇವರಾಜ, ಇನ್ನು ಮೇಲೆ ಒಬ್ಬೊಬ್ಬರಿಗೂ ಬೇರೆ ಬೇರೆ ಚಿಕ್ಕ ಲೋಟ ಇಡೋಣ ಎಂದ. ಮೊದಲಿನಿಂದಲೂ ಬಟ್ಟಲನ್ನು ಸಾಲಿನಿಂದ ಸಾಲಿಗೆ ಒಯ್ಯುವ ಸೇವೆ ಮಾಡಿಕೊಂಡಿದ್ದ ಮುದುಕ ರತ್ನಯ್ಯ, ಎಲ್ಲರಿಗೂ ಒಂದೇ ಬಟ್ಟಲು ಎಂಬುದನ್ನು ಬಿಟ್ಟ ಮೇಲೆ ಅದು ಎಂಥ ಭೋಜನ ಎಂದ. ಮಾತು ಅಲ್ಲಿಗೇ ನಿಂತಿದ್ದರೆ ಒಂದು ಚರ್ಚೆಯಾಗಿ ಮುಗಿಯುತ್ತಿತ್ತೇನೋ. ದೇವರಾಜ ಎದ್ದು ನಿಂತು, 'ಆ ಬಟ್ಲೇ ನಮ್ಮಮ್ಮನ್ನ ತಿಂದಿದ್ದು' ಎಂದುಬಿಟ್ಟ.

ರತ್ನಯ್ಯನೂ ಎದ್ದು ನಿಂತ. 'ಬಟ್ಲು ಹಿಡಿದೋನು ನಾನು. ಹಂಗಾದ್ರೆ ನಾನೇ ಕೊಂದೆ ಅನ್ನು.'

ದೇವರಾಜ 'ಅಲ್ಲ' ಎನ್ನಲಿಲ್ಲ. ತಾಯಿಯನ್ನು ಕಳೆದುಕೊಂಡವನ ಸಂಕಟಕ್ಕೆ ಆ ಹೊತ್ತಿನಲ್ಲಿ ಅಷ್ಟು ಔದಾರ್ಯ ಸಾಧ್ಯವಿರಲಿಲ್ಲ. ಕೊಲೆಯ ಹೊರೆ ಹೊತ್ತ ಮುದುಕನಿಗೆ ಆ ಮೌನವನ್ನು ಕ್ಷಮಿಸುವುದೂ ಸಾಧ್ಯವಾಗಲಿಲ್ಲ. ಕೆಲವೇ ತಿಂಗಳಲ್ಲಿ ರಸ್ತೆಯ ಆಚೆ ಬದಿಯಲ್ಲಿ ಶೀಟು ಹೊದಿಸಿದ ಇನ್ನೊಂದು ಪ್ರಾರ್ಥನಾಮಂದಿರ ಎದ್ದಿತು, ದೇವರಾಜನೊಡನೆ ಅರ್ಧ ಸಭೆ ಅಲ್ಲಿಗೆ ಹೋಯಿತು. ಬ್ರದರ್, ಸಿಸ್ಟರ್ ಎಂದು ಬಾಯ್ತುಂಬ ಕರೆದುಕೊಳ್ಳುತ್ತಿದ್ದ ಜನ ಹಾಲಿನ ಡೇರಿಯಲ್ಲಿ ಎದುರುಬದುರಾದರೆ ತಂತಮ್ಮ ಕ್ಯಾನುಗಳನ್ನು ಬಹಳ ಮುತುವರ್ಜಿಯಿಂದ ಪರೀಕ್ಷಿಸತೊಡಗಿದರು. ಪ್ರೀತಿಯ ಬಗ್ಗೆ ಎರಡೂ ಕಡೆ ಪಾಸ್ಟರುಗಳ ಉಪದೇಶಗಳೇನೋ ಚೆನ್ನಾಗಿಯೇ ನಡೆಯುತ್ತಿದ್ದವು.

ಜ್ಞಾನಪ್ಪನವರು ಎರಡೂ ಕಡೆ ಹೋದರು. ಬೆಳಗಿನ ಆರಾಧನೆ ಹಳೆಯ ದೇವಾಲಯದಲ್ಲಿ. ಅದು ಮುಗಿದೊಡನೆ ಅದೇ ಕೋಟಿನಲ್ಲಿ ರಸ್ತೆ ದಾಟಿ, ಬೆವರು ಒರೆಸಿಕೊಳ್ಳುತ್ತ, ಕಾದ ಶೀಟಿನ ಕೆಳಗೆ ಇನ್ನೊಂದು ಆರಾಧನೆ. ಆದರೆ ಭೋಜನದ ಮೇಜಿನ ಮೇಲಿನ ಬಿಳಿ ಬಟ್ಟೆಯನ್ನು ಸರಿಸುತ್ತಿದ್ದಂತೆ ಎರಡೂ ಕಡೆಯಲ್ಲಿ ಎದ್ದು ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತುಬಿಡುತ್ತಿದ್ದರು. ಅವರ ಮಟ್ಟಿಗೆ ಲೆಕ್ಕ ಸರಳ: ಸಭೆಯೇ ಮುನಿಸಿಕೊಂಡಿರುವಾಗ ಸಭೆಯ ಹಿರಿಯ ಹೇಗೆ ಉಣ್ಣುವುದು? ತಾವು ಹಸಿದು ಕುಳಿತರೆ ಇವರಿಗೆ ಅರ್ಥವಾದೀತು, ನಾಚಿಕೆಯಾದೀತು ಎಂದು ಆ ಮುಗ್ಧ ಜೀವ ನಂಬಿತ್ತು. ಯಾರೊಬ್ಬರೂ 'ಏಕೆ' ಎಂದು ಕೇಳಲಿಲ್ಲ. ಹಳೆಯ ಸಭೆಯವರು, ಬಟ್ಟಲಿಗೆ ಹೆದರುತ್ತಾನೆ, ಮನಸ್ಸೆಲ್ಲ ಆಚೆಯೇ ಎಂದು ತೀರ್ಮಾನಿಸಿದರು. ಹೊಸಬರು, ನಮ್ಮ ಲೋಟ ಅವನಿಗೆ ಅಪವಿತ್ರ, ಏನಿದ್ದರೂ ಅವರ ಕಡೆಯ ಮನುಷ್ಯ ಎಂದರು. ಜ್ಞಾನಪ್ಪನವರು ತಾವಾಗಿ ಬಾಯಿಬಿಟ್ಟು ಹೇಳಬಹುದಿತ್ತು. ಆದರೆ ಅಪ್ಪ ಅಮ್ಮ ಜಗಳವಾಡಿದಾಗ ಊಟ ಬಿಡುವ ಮಗು, ಬಿಟ್ಟದ್ದೇಕೆಂದು ವಿವರಿಸುತ್ತದೆಯೇ?

ನೋವು ಮಾತ್ರ ನಿಜವಾದದ್ದು. ಪ್ರಾಯದಿಂದಲೂ ಒಂದು ಭೋಜನವನ್ನೂ ತಪ್ಪಿಸದ ಮನುಷ್ಯ ಅವರು. ಮೆಟ್ಟಿಲ ಮೇಲೆ ಕುಳಿತು, ಒಳಗಿನ ಪ್ರಾರ್ಥನೆಗೆ ತುಟಿಯಾಡಿಸುತ್ತ ಕಣ್ಣು ಒರೆಸಿಕೊಳ್ಳುವುದನ್ನು ಹೆಂಡತಿ ಸಲೋಮಮ್ಮ ದೇವಾಲಯದ ಕಿಟಕಿಯಿಂದ ನೋಡುತ್ತಿದ್ದರು.

'ಅವರ ಜಗಳ ಅವರಿಗೆ ಬಿಡಿ. ನೀವು ತಗೊಳ್ರಿ' ಎಂದು ಆಕೆ ಬೇಡಿಕೊಂಡರೆ, 'ಗಂಟಲಲ್ಲಿ ಇಳಿಯಲ್ಲ ಕಣೇ' ಎನ್ನುತ್ತಿದ್ದರು.

ಈಚೆಗೆ ಶ್ವಾಸಕೋಶದ ಹಳೆಯ ಕಾಯಿಲೆ ಅವರನ್ನು ಮಂಚಕ್ಕೆ ಕೆಡವಿತು. ಹಳೆಯ ಸಭೆಯ ಪಾಸ್ಟರು ಬಟ್ಟಲು ತಂದರು, ಹೊಸ ಸಭೆಯವರು ಲೋಟ ತಂದರು. ಇಬ್ಬರಿಗೂ ಒಂದೇ ಉತ್ತರ: 'ರತ್ನಯ್ಯ, ದೇವರಾಜ ಇಬ್ರೂ ಒಟ್ಗೆ ಬರ್ಲಿ. ಯಾವುದರಲ್ಲಿ ಕೊಟ್ರೂ ಕುಡೀತೀನಿ.' ಆಗ ಎಲ್ಲರಿಗೂ ತಿಳಿಯಿತು. ತಿಳಿದ ಮೇಲೂ ಕೆಲವು ದಿನ ಹೋದವು, ಯಾರು ಮೊದಲು ಬರಬೇಕೆಂಬ ಯೋಚನೆಯಲ್ಲಿ. ಕೊನೆಗೆ ಸಲೋಮಮ್ಮ ಇಬ್ಬರಿಗೂ ಒಂದೇ ಮಧ್ಯಾಹ್ನ ಬರುವಂತೆ ಹೇಳಿಕಳಿಸಿದರು. ಇನ್ನೊಬ್ಬನೂ ಬರುತ್ತಾನೆಂಬುದನ್ನು ಇಬ್ಬರಿಂದಲೂ ಮುಚ್ಚಿಟ್ಟರು.

ದೇವರಾಜ ಮೊದಲು ಬಂದ. 'ಹೆಂಗಿದೀರಾ ದೊಡ್ಡಪ್ಪಾ' ಎಂದು ಮಂಚದ ಬಳಿ ಕುಳಿತವನ ಕೈಯನ್ನು ಜ್ಞಾನಪ್ಪನವರು ಎಂದಿನಂತೆ ಹಿಡಿದುಕೊಂಡರು. ಆಮೇಲೆ ಹೊರಗೆ ಕೆಮ್ಮು ಕೇಳಿಸಿತು. ರತ್ನಯ್ಯನ ಕೆಮ್ಮು ಎಂದು ಯಾರೂ ಹೇಳಬೇಕಿರಲಿಲ್ಲ. ಅಂಗಳದಲ್ಲಿ ನಿಂತಿದ್ದ ದೇವರಾಜನ ಬೈಕನ್ನು ಕಂಡು ರತ್ನಯ್ಯ ಅಲ್ಲಿಯೇ ತಡೆದಿದ್ದ. 'ಅವರ ಜನ ಇದಾರೆ ಕಣಮ್ಮಾ, ನಾಳೆ ಬರ್ತೀನಿ' ಎಂದು ಸಲೋಮಮ್ಮನಿಗೆ ಹೇಳುತ್ತಿದ್ದದ್ದು ಒಳಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಜ್ಞಾನಪ್ಪನವರು ದೇವರಾಜನ ಮುಖವನ್ನೇ ನೋಡಿದರು. ಎದ್ದು ಬಾಗಿಲವರೆಗೆ ಹೋಗಿ 'ಬನ್ನಿ' ಎಂದರೆ ಸಾಕಿತ್ತು. ದೇವರಾಜ ಬಾಗಿಲ ಕಡೆ ನೋಡಿದ, ನೆಲ ನೋಡಿದ, ಏಳಲಿಲ್ಲ. ಹೊರಗೆ ಚಪ್ಪಲಿಯ ಸದ್ದು ದೂರವಾಯಿತು. ಆಗ ಜ್ಞಾನಪ್ಪನವರು, ಮಾತು ಮುಗಿಯುವ ಮೊದಲು ಯಾರ ಕೈಯನ್ನೂ ಬಿಡದಿದ್ದ ಜ್ಞಾನಪ್ಪನವರು, ತಾವಾಗಿಯೇ ಅವನ ಕೈ ಬಿಟ್ಟು ಗೋಡೆಯ ಕಡೆ ತಿರುಗಿದರು.

ಮರುದಿನ ರತ್ನಯ್ಯ ಹೇಳಿದಂತೆಯೇ ಬಂದ. ಅಷ್ಟರಲ್ಲಿ ಮನೆಯ ಮುಂದೆ ಜನ ಸೇರಿದ್ದರು.

ಸಮಾಧಿಗೆ ಎರಡೂ ಸಭೆಯವರು ಬಂದರು, ಒಬ್ಬರೂ ತಪ್ಪಲಿಲ್ಲ. ತೋಡಿದ ಗುಂಡಿಯ ಈಚೆ ಇವರು, ಆಚೆ ಅವರು. ಇವರ ಪಾಸ್ಟರು ಪ್ರಾರ್ಥಿಸಿದರು, ಜ್ಞಾನಪ್ಪನವರಿಗೆ ಪ್ರಿಯವಾಗಿದ್ದ ಕೀರ್ತನೆಯನ್ನು ಇವರು ಹಾಡಿದರು. ಆಚೆಯವರು ತುಟಿ ಬಿಗಿದು ನಿಂತಿದ್ದರು. ಬಳಿಕ ಅವರ ಪಾಸ್ಟರು ಪ್ರಾರ್ಥಿಸಿದರು, ಅವರು ಅದೇ ಕೀರ್ತನೆಯನ್ನು ಅದೇ ರಾಗದಲ್ಲಿ ಮೊದಲಿನಿಂದ ಹಾಡಿದರು. ಈಗ ಸುಮ್ಮನಿರುವ ಸರದಿ ಇವರದು. ಎರಡನೆಯ ಸಲ ಹಾಡು ಮುಗಿದಾಗ ಸಲೋಮಮ್ಮ ಪೆಟ್ಟಿಗೆಯ ಮೇಲೆ ಬಾಗಿ, ಮಲಗಿದವರನ್ನು ಎಬ್ಬಿಸುವ ದನಿಯಲ್ಲಿ, 'ಎಲ್ಲಾ ಬಂದವ್ರೆ ಕಣ್ರೀ. ಒಂದ್ಸಲ ಎದ್ದು ನೋಡ್ಬಾರ್ದಾ' ಎಂದರು. ಎರಡೂ ಕಡೆಯವರು ತಲೆತಗ್ಗಿಸಿ ಅತ್ತರು. ಅತ್ತು, ಬಂದ ದಾರಿಯಲ್ಲಿ ಬೇರೆ ಬೇರೆಯಾಗಿ ಹಿಂದಿರುಗಿದರು.

ಈಗ ಹಳೆಯ ಸಭೆಯವರೂ 'ನಮ್ಮ ಜ್ಞಾನಪ್ಪ' ಎನ್ನುತ್ತಾರೆ, ಹೊಸಬರೂ ಹಾಗೆಯೇ ಎನ್ನುತ್ತಾರೆ. ಎರಡು ಗುಂಪುಗಳ ನಡುವೆ ನಿಲ್ಲುವವರ ಹಣೆಬರಹ ಎಲ್ಲ ಊರುಗಳಲ್ಲೂ, ಎಲ್ಲ ಮತಗಳಲ್ಲೂ ಬಹುಶಃ ಇದೇ: ಬದುಕಿರುವಾಗ ಇಬ್ಬರಿಗೂ ಪರಕೀಯರು, ಸತ್ತ ಮೇಲೆ ಇಬ್ಬರಿಗೂ ಬಂಧುಗಳು. ಅವರಿಂದ ಯಾವ ಜಗಳವೂ ನಿಲ್ಲದೆ ಹೋಗಬಹುದು. ಆದರೂ ಅಂಥವರೊಬ್ಬರು ಬಿಸಿಲಿನಲ್ಲಿ ಬೆವರುತ್ತ ರಸ್ತೆ ದಾಟುತ್ತಿರುವವರೆಗೆ, ಒಡೆದ ಮನೆಯೂ ಒಂದೇ ಮನೆ ಎಂದು ಹೇಳಿಕೊಳ್ಳಲು ಒಂದು ನೆಪವಾದರೂ ಉಳಿದಿರುತ್ತದೆ. ಆ ನೆಪವನ್ನು ಮೊನ್ನೆ ವಿಜಯಪುರದಲ್ಲಿ ಮಣ್ಣು ಮಾಡಿದರು.