ಫೋನಿನಾಚೆಯ ಉಸಿರು

ಮನೆಯಲ್ಲೊಬ್ಬ ಡಾಕ್ಟರಿದ್ದರೆ ಬಂಧುಬಳಗಕ್ಕೆಲ್ಲ ಎಷ್ಟು ಧೈರ್ಯ ನೋಡಿ! ನಾದಿನಿಗೆ ತಲೆಸುತ್ತು ಬಂದರೂ ಅವರಿಗೇ ಫೋನು, ಷಡ್ಡಕನಿಗೆ ಹೊಟ್ಟೆನೋವಾದರೂ ಅವರಿಗೇ ಫೋನು. ನಮ್ಮ ಬೀದಿಯ ನಾಡಿ ಡಾಕ್ಟರ ಪಾಡೂ ಇದೇ. ರೋಗಿಯ ಕೈ ಹಿಡಿದು ನಾಡಿ ನೋಡದೆ ಬಾಯಿ ಬಿಡುವವರಲ್ಲ, ಅದಕ್ಕೇ ಆ ಹೆಸರು. ನೆಂಟರ ಫೋನು ಬಂದರೆ ಮಾತ್ರ ಆ ನೇಮವನ್ನು ಗಾಳಿಗೆ ತೂರಿಬಿಡುತ್ತಿದ್ದರು.

ಅವರ ತಂಗಿಯೂ ಡಾಕ್ಟರೇ. ದೊಡ್ಡಾಸ್ಪತ್ರೆಯ ಕೆಲಸ ಬಿಡದೆಯೇ ಟೆಲಿಮೆಡಿಸಿನ್ ಮತ್ತು ಡಿಜಿಟಲ್ ಆರೋಗ್ಯದಲ್ಲಿ ಸ್ನಾತಕೋತ್ತರ ಕೋರ್ಸ್ ಮುಗಿಸಿದ್ದಳು. ಅಂದರೆ, ದೂರದಲ್ಲಿರುವ ರೋಗಿಯನ್ನು ಫೋನು, ಕಂಪ್ಯೂಟರ್ ಮೂಲಕ ನೋಡಿ ಸಲಹೆ ಕೊಡುವ ವಿದ್ಯೆ. ಒಂದು ಭಾನುವಾರ ಮಧ್ಯಾಹ್ನ ಅಣ್ಣನ ಮನೆಗೆ ಊಟಕ್ಕೆ ಬಂದಿದ್ದಳು. ಅಣ್ಣ ಸುಮ್ಮನಿರುತ್ತಾರೆಯೇ?

“ಫೋನಲ್ಲಿ ಮಾತಾಡೋಕೂ ಒಂದು ಡಿಗ್ರೀನಾ? ಹಾಗಾದ್ರೆ ನಿಮ್ಮತ್ತಿಗೆಗೆ ಡಾಕ್ಟರೇಟೇ ಕೊಡ್ಬೇಕು.”

“ನನ್ನನ್ಯಾಕೆ ಎಳೀತೀರಿ?” ಎಂದರು ಅವರ ಹೆಂಡತಿ. “ವಿಡಿಯೊ ಕಾಲ್ ಬಂದ್ರೆ ಫೋನನ್ನ ಕಿವಿಗಿಟ್ಕೊಳ್ಳೋರು ನೀವು. ಮಗಳು ಪಾಪ, ಅಪ್ಪನ ಮುಖ ನೋಡ್ಬೇಕು ಅಂದ್ರೆ ಕಿವಿ ನೋಡ್ತಾಳೆ!”

ತಂಗಿ ನಕ್ಕಳು. “ಮಾತಾಡೋದು ಎಲ್ರಿಗೂ ಬರುತ್ತೆ ಅಣ್ಣ. ಪರದೆ ಮೇಲೆ ಏನು ಕಾಣುತ್ತೆ, ಏನು ಕಾಣಲ್ಲ, ಯಾವಾಗ ಫೋನ್ ಬಿಟ್ಟು ‘ಆಸ್ಪತ್ರೆಗೆ ಬನ್ನಿ’ ಅನ್ಬೇಕು, ರೋಗಿಯ ಗುಟ್ಟು ಹೇಗೆ ಕಾಪಾಡ್ಬೇಕು, ಅದನ್ನ ಕಲಿಯೋದು.”

“ಇಷ್ಟು ವರ್ಷ ರೋಗಿಗಳನ್ನ ನೋಡಿದೋನಿಗೆ ಇದೊಂದು ಬೇರೆ!” ಎಂದು ಡಾಕ್ಟರು ಕೈ ಕೊಡವಿದರು. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಮ್ಮನೆ ಅಲ್ಲ.

ಅಷ್ಟರಲ್ಲಿ ದೂರದ ಪಟ್ಟಣದಿಂದ ಮಗಳ ವಿಡಿಯೊ ಕಾಲ್ ಬಂತು.

“ಅಪ್ಪಾ, ಪುಟ್ಟಿಗೆ ನಿನ್ನೆಯಿಂದ ಕೆಮ್ಮು. ಇವತ್ತು ಹಾಲೂ ಸರಿಯಾಗಿ ಕುಡೀತಿಲ್ಲ.”

ಪುಟ್ಟಿ ಅಂದರೆ ಡಾಕ್ಟರ ಮೊಮ್ಮಗಳು, ಇನ್ನೂ ಎದೆಹಾಲಿನ ಕೂಸು. ಡಾಕ್ಟರು ಕನ್ನಡಕ ಏರಿಸಿ ಪರದೆ ನೋಡಿದರು. ಮಗಳು ಕಿಟಕಿಗೆ ಬೆನ್ನು ಮಾಡಿ ಮಗುವನ್ನು ಎತ್ತಿಕೊಂಡಿದ್ದಳು. ಮಗು ಅಳುತ್ತಿರಲಿಲ್ಲ. ಎದೆ ನಿಧಾನವಾಗಿ ಏರಿಳಿಯುವಂತೆ ಕಾಣುತ್ತಿತ್ತು.

“ಬರೀ ನೆಗಡಿ ಕಣಮ್ಮ. ಉಸಿರಾಟ ಚೆನ್ನಾಗೇ ಇದೆ, ಕಾಣ್ತಿದೆಯಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಬೆಚ್ಚಗಿಡು, ನಾಳೆ ನೋಡೋಣ.”

ಪಕ್ಕದಲ್ಲಿ ಕೂತಿದ್ದ ತಂಗಿ ತಟ್ಟೆ ಬಿಟ್ಟು ಎದ್ದಳು. “ಅಣ್ಣ, ನಿನ್ನ ಮಗಳ ತುಟಿ ನೋಡು. ಮಾತು ಮುಗಿದ್ಮೇಲೂ ಅಲ್ಲಾಡ್ತಿದೆ. ಚಿತ್ರ ತಡವರಿಸ್ತಿದೆ. ನೀನು ನೋಡಿದ್ದು ಮಗುವಿನ ಉಸಿರಲ್ಲ, ನೆಟ್‌ವರ್ಕಿನ ಉಸಿರು.”

ಡಾಕ್ಟರು ಏನೋ ಹೇಳಹೋದರು. ಅಷ್ಟರಲ್ಲಿ ಫೋನು ತಂಗಿಯ ಕೈಲಿತ್ತು.

“ಮಗಳೇ, ಅತ್ತೆ ಮಾತಾಡ್ತಿರೋದು. ಗಾಬರಿ ಬೇಡ. ಪುಟ್ಟಿಯ ಅಂಗಿ ಬಿಚ್ಚಿ, ಬೆಳಕಿರೋ ಕಡೆ ಮಲಗಿಸು. ಆಯ್ತಾ? ಈಗ ವಿಡಿಯೊ ಆಫ್ ಮಾಡು.”

“ಆಫ್ ಮಾಡೋದಾ?” ಡಾಕ್ಟರು ಹೌಹಾರಿದರು. “ಕಣ್ಣು ಮುಚ್ಕೊಂಡು ರೋಗಿ ನೋಡ್ತೀಯೇನೇ?”

“ಚಿತ್ರ ಸುಳ್ಳು ಹೇಳ್ತಿದೆ ಅಣ್ಣ. ಅದನ್ನ ತೆಗೆದ್ರೆ ಮಾತಾದ್ರೂ ನೆಟ್ಟಗೆ ಬರುತ್ತೆ.” ಮತ್ತೆ ಫೋನಿಗೆ, “ನೋಡಮ್ಮ, ಮಗುವಿನ ಹೊಟ್ಟೆ ಮೇಲೆದ್ದಾಗೆಲ್ಲ ‘ಹೂಂ’ ಅನ್ನು. ಒಂದೂ ಬಿಡ್ಬೇಡ.”

ಹೂಂ, ಹೂಂ, ಹೂಂ, ಹೂಂ. ತಂಗಿ ಗೋಡೆ ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಿದಳು. ಆ ಹೂಂಗಳ ಓಟ ಕೇಳುತ್ತ ಕೇಳುತ್ತ ಡಾಕ್ಟರ ಮುಖ ಬಿಳಿಚಿಕೊಂಡಿತು. ಆ ವೇಗದ ಅರ್ಥವನ್ನು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

“ಉಸಿರೆಳೆದಾಗ ಪಕ್ಕೆಯ ಕೆಳಗೆ ಗುಳಿ ಬೀಳುತ್ತಾ?”

“ಬೀಳ್ತಿದೆ ಅತ್ತೆ.”

“ಹಾಗಾದ್ರೆ ಫೋನಿನ ಕೆಲಸ ಮುಗೀತು. ಈಗ್ಲೇ ನಿಮ್ಮೂರ ಆಸ್ಪತ್ರೆಗೆ ಹೊರಡು. ನೀನು ಒಪ್ಪಿದ್ರೆ ವಿಷಯ ಎಲ್ಲ ಅಲ್ಲಿಗೆ ಮೊದಲೇ ಕಳಿಸ್ತೀನಿ.”

“ಕಳಿಸಿ ಅತ್ತೆ, ಕೇಳೋದೇನು!” ಅಳಿಯ ಅದಾಗಲೇ ಗಾಡಿ ಹೊರಗೆ ತೆಗೆದಿದ್ದ.

ಆಮೇಲಿನ ಹೊತ್ತು ಯಾರಿಗೂ ಬೇಡ. ಡಾಕ್ಟರು ಹಜಾರದಲ್ಲಿ ಅತ್ತಿಂದಿತ್ತ ತಿರುಗಿದರು. ಹೆಂಡತಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದರು. ಸಂಜೆಗೆ ಮಗಳ ಫೋನು ಬಂತು. ಪುಟ್ಟಿಗೆ ನ್ಯುಮೋನಿಯಾ. ವಿಷಯ ಮೊದಲೇ ತಲುಪಿದ್ದರಿಂದ ನರ್ಸು ಬಾಗಿಲಲ್ಲೇ ಕಾದಿದ್ದು ಮಗುವನ್ನು ಎತ್ತಿಕೊಂಡು ಹೋಗಿದ್ದರು. ಆಮ್ಲಜನಕ ಕೊಟ್ಟು, ಔಷಧಿಯನ್ನೂ ಶುರು ಮಾಡಿದ್ದರು.

“ಸರಿಯಾದ ಹೊತ್ತಿಗೆ ಬಂದ್ರಿ ಅಂದ್ರು ಅಪ್ಪ. ಈಗ ಹಾಲು ಕುಡಿದು ಮಲಗಿದ್ದಾಳೆ.”

ಎಲ್ಲರಿಗೂ ಹೋದ ಜೀವ ಬಂದಂತಾಯಿತು. ಡಾಕ್ಟರು ಅಲ್ಲೇ ಕುರ್ಚಿಯಲ್ಲಿ ಕುಸಿದು, ನಾಚಿಕೆ ಬಿಟ್ಟು ಅತ್ತರು. ಅವರ ಹೆಂಡತಿಗೆ ಅಳುವೂ ನಗುವೂ ಒಟ್ಟಿಗೇ ಬಂತು.

ಪುಟ್ಟಿ ಗುಣವಾಗಿ ಮನೆಗೆ ಬಂದ ದಿನ ಡಾಕ್ಟರು ತಂಗಿಯನ್ನು ಮೆಲ್ಲಗೆ ಕೇಳಿದರು. “ಆ ಕೋರ್ಸಿಗೆ ನನ್ನಂಥ ಮುದುಕರನ್ನ ಸೇರಿಸ್ಕೋತಾರೇನೇ?”

“ಸೇರಿಸ್ಕೋತಾರೆ. ಅಲ್ಲಿ ಮೇಷ್ಟ್ರನ್ನ ಗದರೋ ಹಾಗಿಲ್ಲ, ಅಷ್ಟೇ.”

“ನಾಡಿ ಹಿಡಿಯೋದು ಬಿಡ್ಬೇಕಾ?”

“ಬಿಡ್ಲೇಬಾರ್ದು ಅಣ್ಣ. ಅದು ಎಲ್ಲಿ ಬೇಕೇಬೇಕು ಅಂತ ತಿಳಿಯೋಕೇ ಈ ಓದು.”

ಈಗ ಸಂಜೆ ರೋಗಿಗಳು ಹೋದ ಮೇಲೆ ನಾಡಿ ಡಾಕ್ಟರು ಕನ್ನಡಕ ಏರಿಸಿ ಪಾಠಕ್ಕೆ ಕೂರುತ್ತಾರೆ. ಮೊದಲ ಪರೀಕ್ಷೆಗೆ ಹೆದರಿ ರಾತ್ರಿಯೆಲ್ಲ ಹೊರಳಾಡಿದರಂತೆ. ಹೇಳಿದ್ದು ಅವರ ಹೆಂಡತಿ, ನನ್ನ ಮೇಲೆ ಸಿಟ್ಟು ಬೇಡ.

ಡಾಕ್ಟರೇ, ನರ್ಸಮ್ಮ, ಆರೋಗ್ಯ ಕೆಲಸದಲ್ಲಿರುವ ಅಕ್ಕ, ಅಣ್ಣ, ನಿಮ್ಮ ಅನುಭವ ದೊಡ್ಡದು, ಅದಕ್ಕೆ ಈ ವಿದ್ಯೆಯನ್ನೂ ಸೇರಿಸಿಕೊಳ್ಳಿ. ಮಾನ್ಯತೆಯಿರುವ ತರಬೇತಿ ಎಲ್ಲಿದೆ ಎಂದು ವಿಚಾರಿಸಿ, ವಯಸ್ಸಾಯಿತೆಂದು ಹಿಂಜರಿಯಬೇಡಿ. ತಾಯಂದಿರೇ, ಮಗುವಿನ ಉಸಿರು ಜೋರಾದರೆ, ಪಕ್ಕೆ ಒಳಕ್ಕೆ ಸೆಳೆದರೆ, ಹಾಲು ಬಿಟ್ಟರೆ ಫೋನು ನೋಡುತ್ತ ಕೂರಬೇಡಿ, ನೇರ ಆಸ್ಪತ್ರೆಗೆ ನಡೆಯಿರಿ.

ಫೋನು ಎಲ್ಲರ ಕೈಯಲ್ಲೂ ಇದೆ. ಆಚೆ ತುದಿಯಲ್ಲಿ ಯಾರದೋ ಮಗು ಉಸಿರಾಡುತ್ತಿದೆ. ಈಚೆ ತುದಿಯಲ್ಲಿ ಆ ಉಸಿರನ್ನು ತಪ್ಪಿಲ್ಲದೆ ಎಣಿಸಬಲ್ಲವರು ಇರಲಿ.