ಪುಟದಕ್ಕನ ಆರು ಪುಟ

"ಏನಮ್ಮಾ, ಪುಟ ತುಂಬ್ಸೋಕೆ ಬೇರೇನೂ ಸಿಗ್ಲಿಲ್ಲ ಅಂತ ಹೆಣ ತಂದು ಹಾಕಿದ್ದೀಯಾ?"

ಹೀಗೆಂದ ಪ್ರಕಾಶಕರು ಬಾಯಿಂದ ಹಲ್ಲುಕಡ್ಡಿ ತೆಗೆದು, ಅದರ ತುದಿಗೆ ಸಿಕ್ಕಿದ್ದನ್ನು ನೋಡಿ, ಮತ್ತೆ ಬಾಯಿಗೇ ಇಟ್ಟುಕೊಂಡರು. ಪುಟದಕ್ಕ ಎದುರಿಗೆ ನಿಂತೇ ಇದ್ದಳು. ಕುರ್ಚಿಯೇನೋ ಒಂದಿತ್ತು. ಅದರ ಮೇಲೆ ಅವರ ಊಟದ ಡಬ್ಬಿ ಕೂತಿತ್ತು.

ಪುಟದಕ್ಕ ಅನ್ನುವುದು ಹೆತ್ತವರಿಟ್ಟ ಹೆಸರಲ್ಲ. ಪುಟಕ್ಕಿಷ್ಟು ಎಂದು ಕೂಲಿಗೆ ಬರೆಯುವವಳಲ್ಲವೇ ಎಂದು ಆ ಆಫೀಸಿನ ಜವಾನ ಇಟ್ಟದ್ದು. ಒಂಬತ್ತು ವರ್ಷದಲ್ಲಿ ಹನ್ನೊಂದು ದೊಡ್ಡ ಮನುಷ್ಯರ ಆತ್ಮಕಥೆ ಬರೆದಿದ್ದಾಳೆ. ಒಂದರ ಮೇಲಾದರೂ ಅವಳ ಹೆಸರಿದೆಯೇ ಎಂದು ಕೇಳಬೇಡಿ. ಹನ್ನೆರಡನೆಯದು ಸೋಪಿನ ಯಜಮಾನರದ್ದು. ಮೂರು ಸೋಪಿನ ಕಾರ್ಖಾನೆಯ ಒಡೆಯರು. ನಾಲ್ಕು ತಿಂಗಳು ಅವರ ಮನೆಯ ಹಜಾರದಲ್ಲಿ ಕಾದು, ಅವರ ಗೊರಕೆಯ ನಡುವೆ ಸಿಕ್ಕ ಮಾತುಗಳನ್ನು ಮೊಬೈಲಿನಲ್ಲಿ ಹಿಡಿದು, ಇನ್ನೂರ ನಲವತ್ತು ಪುಟ ಮಾಡಿ ಕೊಟ್ಟಿದ್ದಳು. ಒಂದು ಕಾಸು ಬಂದಿರಲಿಲ್ಲ.

"ತಾಯಿ ಬಗ್ಗೆ ಅವ್ರು ಹೇಳಿರೋದು ಒಂದೇ ಮಾತು. 'ಒಳ್ಳೆಯವ್ರು, ಮುಂದಕ್ಕೆ ಹೋಗಿ.' ನೀನು ಆರು ಪುಟ ಎಳ್ದಿದ್ದೀಯ."

"ನೀವೇ ಹೇಳಿದ್ರಲ್ಲ ಸಾರ್, ತಾಯಿ ಸಾಯ್ದೇ ಇದ್ರೆ ಆತ್ಮಕಥೆ ಓಡಲ್ಲ ಅಂತ."

"ಹೇಳ್ದೆ. ಅದಕ್ಕೆ ಇಷ್ಟುದ್ದ ಸಾಯಿಸ್ತಾರಾ? ನಂಗೆ ತೃಪ್ತಿ ಆಗಿಲ್ಲ. ಕರಾರು ತೆಗ್ದು ಓದ್ಕೋ, ನಾಲ್ಕನೇ ಕಲಂ. ತೃಪ್ತಿ ಆದ್ಮೇಲೇ ದುಡ್ಡು."

"ಹಂಗಾದ್ರೆ ಆ ಆರು ಪುಟ ಕಿತ್ತಾಕಿ. ಮಿಕ್ಕಿದ್ದಕ್ಕಾದ್ರೂ ಕೊಡಿ."

"ಕೀಳೋಕೆ ಅದೇನು ಕೋಳಿ ಪುಕ್ಕಾನಾ? ಪ್ರಿಂಟಾಗಿ, ಬೈಂಡಾಗಿ ಕೂತಿದೆ. ಭಾನುವಾರ ಬಿಡುಗಡೆ. ಹೋಗು, ತೃಪ್ತಿ ಆದಾಗ ನಾನೇ ಹೇಳಿಕಳಿಸ್ತೀನಿ."

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ. ಪುಟದಕ್ಕ ಮೆಟ್ಟಿಲಿಳಿದು ಬಂದಳು.

ಮನೆಯಲ್ಲಿ ಅಕ್ಕ ಕಾದಿದ್ದಳು. ಮನೆಯೆಂದರೆ ಒಂದು ಕೋಣೆ, ಅದರ ಮೂಲೆಯಲ್ಲೇ ಒಲೆ. ಅಕ್ಕ ಬಟ್ಟೆ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವವಳು. ನಾಲ್ಕು ತಿಂಗಳ ಬಾಡಿಗೆಯನ್ನು ಅವಳೇ ಕಾರ್ಖಾನೆಯಲ್ಲಿ ಮುಂಗಡ ಎತ್ತಿ ಕಟ್ಟಿದ್ದಳು. ಇನ್ನು ಎತ್ತುವಂತಿರಲಿಲ್ಲ. ಸೋಮವಾರ ಬಾಡಿಗೆ ಬಾರದಿದ್ದರೆ ಸಾಮಾನು ಬೀದಿಗೆ ಎಂದು ಮನೆ ಮಾಲೀಕ ಬೆಳಗ್ಗೆಯೇ ಬಾಗಿಲಲ್ಲಿ ನಿಂತು, ಅಕ್ಕಪಕ್ಕದವರಿಗೆಲ್ಲ ಕೇಳುವ ಹಾಗೆ ಹೇಳಿ ಹೋಗಿದ್ದ.

"ತೃಪ್ತಿ ಆಗಿಲ್ಲ ಅಂದ್ನಾ? ಹಲ್ಕಟ್ ನನ್ಮಗ. ನಾನು ಹೊಲ್ದಿರೋ ಶರ್ಟು ಹಾಕ್ಕೊಂಡು, ಊರೆಲ್ಲ ಮೆರ್ದು ಬಂದು, ಕಾಲರ್ ಸರಿ ಇಲ್ಲ ಕಾಸು ಕೊಡಲ್ಲ ಅಂತ ಯಾವನಾದ್ರೂ ಅಂತಾನೇನೇ?"

"ಕರಾರಲ್ಲಿ ಹಂಗಿದೆ ಅಕ್ಕಾ."

"ಅಂಥಾ ಕರಾರು ಬರ್ದೋನ ಕೈಗೆ ಹುಳ ಬೀಳ."

ಪುಟದಕ್ಕ ತನ್ನ ಕೈ ನೋಡಿಕೊಂಡಳು.

ಮೂರು ವರ್ಷದ ಹಿಂದಿನ ಮಾತು. ವಕೀಲರ ಕನ್ನಡ ಬಾಯಲ್ಲಿ ತಿರುಗುವುದಿಲ್ಲ, ಚೆಂದ ಮಾಡಿ ಕೊಡು ಎಂದು ಪ್ರಕಾಶಕರು ಹಳೆಯ ಕರಾರುಪತ್ರವನ್ನು ಅವಳ ಮುಂದೆ ಎಸೆದಿದ್ದರು. ಕೂಲಿ, ಒಂದು ಲೋಟ ಟೀ. ಅವಳಿಗೋ ವಾಕ್ಯ ಎಡವಿದರೆ ತನ್ನ ಕಾಲೇ ಉಳುಕಿದಂತಾಗುತ್ತದೆ. 'ಹಸ್ತಪ್ರತಿ ತಲುಪಿದ ಮೂವತ್ತು ದಿನಗಳೊಳಗಾಗಿ' ಎಂಬ ಮಾತು ನಡುವೆ ಸಿಕ್ಕಿಕೊಂಡು ವಾಕ್ಯ ಕುಂಟುತ್ತಿತ್ತು. ಹೊಡೆದು ಹಾಕಿದಳು. 'ತೃಪ್ತಿಯನ್ನು ಬರಹದಲ್ಲಾಗಲಿ, ಇಬ್ಬರು ಸಾಕ್ಷಿಗಳ ಎದುರಿನಲ್ಲಾಗಲಿ ತಿಳಿಸಿದ ಮೇಲೆ' ಎಂಬುದು ಓದಲು ಹಿತವಾಗಿತ್ತು. ಉಳಿಸಿಕೊಂಡಳು. ಆಮೇಲೆ ಆ ಆಫೀಸಿಗೆ ಬಂದ ಬರಹಗಾರರೆಲ್ಲ ಅದಕ್ಕೇ ಸಹಿ ಹಾಕಿದರು. ಕೊನೆಗೆ ಅವಳೂ ಹಾಕಿದಳು, ಓದದೆ. ತಾನೇ ಬರೆದದ್ದನ್ನು ಯಾರು ಓದುತ್ತಾರೆ?

ಲೇಖಕರ ಸಂಘದಲ್ಲಿ ಎರಡನೇ ಶನಿವಾರ ಉಚಿತ ಕಾನೂನು ಸಲಹೆ. ಪುಟದಕ್ಕ ಹೋದಾಗ ಬೆಂಚಿನ ಮೇಲೆ ಏಳು ಜನರಿದ್ದರು. ಒಬ್ಬ ಅನುವಾದಕ ತನ್ನ ಫೈಲನ್ನು ಕೂಸಿನ ಹಾಗೆ ಎದೆಗೊತ್ತಿಕೊಂಡು ಕೂತಿದ್ದ. ವಕೀಲರು ಸ್ಕೂಟರಿನ ಕೀಲಿಯಿಂದ ಕಿವಿ ಕೆರೆದುಕೊಳ್ಳುತ್ತ ಅವಳ ಕರಾರು ಓದಿದರು. ಓದುತ್ತಾ ಓದುತ್ತಾ ಮುಖ ಅರಳಿತು.

"ಅಬ್ಬಬ್ಬಾ. ಏನು ಬಿಗಿಯಾಗಿ ಕಟ್ಟಿದ್ದಾನೆ ನೋಡಿ. ಗಡುವೇ ಇಲ್ಲ. ಅವ್ರಿಗೆ ಮುಂದಿನ ಜನ್ಮದಲ್ಲಿ ತೃಪ್ತಿ ಆದ್ರೂ ಆಯ್ತು. ಯಾವ ವಕೀಲ ಬರ್ದಿದ್ದು ಇದು?"

"ನಾನೇ ಬರ್ದಿದ್ದು ಸಾರ್."

ಅವರು ನಕ್ಕರು. ನಕ್ಕು ನಕ್ಕು ಕೆಮ್ಮು ಬಂದು, ಕರವಸ್ತ್ರಕ್ಕೆ ಉಗಿದು, ಅದನ್ನೇ ಮಡಿಸಿ ಕಣ್ಣೊರೆಸಿಕೊಂಡರು. ಬೆಂಚಿನ ಮೇಲಿದ್ದವರನ್ನೂ ಕರೆದು ಹೇಳಿದರು. ಆ ಅನುವಾದಕ ಮಾತ್ರ ನಗಲಿಲ್ಲ. ಅವನ ಫೈಲಿನಲ್ಲಿದ್ದದ್ದೂ ಅದೇ ಕರಾರು.

"ನಿನ್ನ ಕೈಲಿ ಒಳ್ಳೇ ಕಸುಬಿದೆ ಕಣಮ್ಮ. ಒಂದು ಕೆಲ್ಸ ಮಾಡು. ನಂದೂ ಒಂದು ಜೀವನ ಇದೆ, ಮುನ್ನೂರು ಪುಟಕ್ಕೆ ಮೋಸ ಇಲ್ಲ. ನೀನು ಬರ್ಕೊಡು, ನಾನು ನೋಟಿಸ್ ಬಿಡ್ತೀನಿ. ಕೊಟ್ಟು ತಗೊಳ್ಳೋ ವ್ಯವಹಾರ."

"ಇಲ್ಲಿ ಉಚಿತ ಅಂತ ಬೋರ್ಡಿದೆಯಲ್ಲ ಸಾರ್."

"ಸಲಹೆ ಉಚಿತ, ಕೊಟ್ಟೆನಲ್ಲ. ಇಬ್ಬರ ಎದುರು ಅವ್ರು ತೃಪ್ತಿ ಆಯ್ತು ಅಂದ್ರೆ ನಿನ್ನ ದುಡ್ಡು ನಿಂಗೆ. ಅನ್ನಿಸ್ಕೊಂಡು ಬಾ. ನೆಕ್ಸ್ಟ್ ಯಾರು?"

ಭಾನುವಾರ ಬಿಡುಗಡೆ ಸಮಾರಂಭ. ಪುಟದಕ್ಕ ಕರಾರನ್ನು ಚೀಲದಲ್ಲಿಟ್ಟುಕೊಂಡು ಹೊರಟಳು. ಅಕ್ಕನೂ ಜೊತೆಗೆ ಬಂದಳು. ಆ ಹಲ್ಕಟ್ ನನ್ಮಗನ ಮೂತಿ ನೋಡಬೇಕು ಎಂಬುದಷ್ಟೇ ಅವಳ ಆಸೆ. ಸಭಾಂಗಣದ ಬಾಗಿಲಲ್ಲಿ ಬಂದವರಿಗೆಲ್ಲ ಒಂದೊಂದು ಸೋಪು ಹಂಚುತ್ತಿದ್ದರು. ಅಕ್ಕ ಎರಡು ಕೇಳಿ ಪಡೆದಳು. ಮುನ್ನೂರು ಜನರಿಗೆ ಕಡಿಮೆಯಿರಲಿಲ್ಲ, ಇಡೀ ಸಭೆ ಒಂದೇ ಪರಿಮಳ ನಾರುತ್ತಿತ್ತು.

ಸೋಪಿನ ಯಜಮಾನರು ಎದ್ದು ನಿಂತರು. ಯಾರೋ ಗುರುತಿಟ್ಟು ಕೊಟ್ಟ ಪುಟವನ್ನು ಬಿಡಿಸಿ, ಮೊದಲ ಸಲ ಓದುವವರ ಹಾಗೆ ತಡವರಿಸುತ್ತ ಓದತೊಡಗಿದರು. ಅದು ನಿಜಕ್ಕೂ ಮೊದಲ ಸಲವೇ.

"ನನ್ನ ತಾಯಿ ಪ್ರಾಣ ಬಿಡುವಾಗಲೂ ಆಕೆಯ ಬಲಗೈ ಸುಮ್ಮನಿರಲಿಲ್ಲ. ಹೊದಿಕೆಯ ಮೇಲೆ ದುಂಡಗೆ ತಿರುಗುತ್ತಿತ್ತು. ಪಾತ್ರೆ ಉಜ್ಜುತ್ತಿತ್ತು. ಚಪ್ಪಲಿ ಎಲ್ಲಿ, ಹೊತ್ತಾಯಿತು, ಆ ಮನೆಯವರು ಬೈಯುತ್ತಾರೆ ಎಂದಳು..."

ಅಕ್ಕನ ಕೈಯಲ್ಲಿದ್ದ ಸೋಪು ಕೆಳಗೆ ಬಿತ್ತು.

"ಏನೇ ಇದು? ಅಮ್ಮ ಕಣೇ ಅದು. ನಮ್ಮಮ್ಮ."

ಪುಟದಕ್ಕ ಬಗ್ಗಿ ಸೋಪು ಎತ್ತಿಕೊಟ್ಟಳು. ಏನು ಹೇಳುವುದು? ಗೊರಕೆ ಹೊಡೆಯುವವನಿಗೆ ತಾಯಿ ಎಲ್ಲಿಂದ ತರಲಿ, ಬರೆಯಲು ನನ್ನ ಹತ್ತಿರ ಇದ್ದದ್ದು ಒಬ್ಬಳೇ ಎಂದು ಹೇಳುವುದೇ? ಆಸ್ಪತ್ರೆಯ ನಡುದಾರಿಯಲ್ಲಿ, ಮಂಚ ಸಿಗದೆ ನೆಲದ ಮೇಲೆ ಮಲಗಿದ್ದ ಅಮ್ಮನ ಆಚೆ ಈಚೆ ಇವರಿಬ್ಬರೇ ಕೂತಿದ್ದರು. ಆ ಕೈಯನ್ನು ಹಿಡಿದು ನಿಲ್ಲಿಸಿದವಳು ಅಕ್ಕ.

ಯಜಮಾನರು ಕಣ್ಣೊರೆಸಿಕೊಂಡರು. ಮುಂದಿನ ಸಾಲಿನಲ್ಲಿ ಹೆಂಗಸರು ಮೂಗೆಳೆದರು. ಆ ಕೈ ನೋಡಿಯೇ ತಾವು ಸೋಪು ಮಾಡಲು ಹೊರಟದ್ದು ಎಂದು ಯಜಮಾನರು ತಮ್ಮದೇ ಒಂದು ಸುಳ್ಳನ್ನೂ ಸೇರಿಸಿದರು. ಚಪ್ಪಾಳೆ ಬಿತ್ತು.

"ಮಾರಿದ್ಯೇನೇ?" ಅಕ್ಕ ಮೆಲ್ಲಗೆ ಕೇಳಿದಳು. "ಅಮ್ಮನ್ನೂ ಮಾರಿದ್ಯಾ?"

ಆಗ ಪ್ರಕಾಶಕರು ಮೈಕಿಗೆ ಬಂದರು. ಹಲ್ಲುಕಡ್ಡಿ ಇರಲಿಲ್ಲ, ಹಲ್ಲೆಲ್ಲ ಹೊರಗಿದ್ದವು. "ಇಷ್ಟು ವರ್ಷದ ಪ್ರಕಾಶನದಲ್ಲಿ ನಂಗೆ ಇಷ್ಟು ತೃಪ್ತಿ ಕೊಟ್ಟ ಪುಸ್ತಕ ಇನ್ನೊಂದಿಲ್ಲ," ಎಂದರು.

ಪುಟದಕ್ಕ ಎದ್ದಳು. ಯಾರ ಕಾಲು ತುಳಿದಳೋ, ಯಾರು ಬೈದರೋ ಅವಳಿಗೆ ಗೊತ್ತಾಗಲಿಲ್ಲ. ವೇದಿಕೆ ಹತ್ತಿ, ಮೇಜಿನ ಮೇಲೆ ಕರಾರು ಬಿಡಿಸಿಟ್ಟು, ಮೈಕನ್ನು ತನ್ನ ಕಡೆ ತಿರುಗಿಸಿಕೊಂಡಳು.

"ಎಲ್ಲಾರೂ ಕೇಳಿಸ್ಕೊಂಡ್ರಲ್ಲ? ತೃಪ್ತಿ ಆಯ್ತು ಅಂದ್ರು. ನಾಲ್ಕನೇ ಕಲಮಿಗೆ ಇಬ್ಬರು ಸಾಕ್ಷಿ ಸಾಕು. ನೀವು ಮುನ್ನೂರು ಜನ ಇದ್ದೀರಿ."

ಪ್ರಕಾಶಕರು ಮೈಕನ್ನು ಅಂಗೈಯಿಂದ ಮುಚ್ಚಿ, ನಗು ಹಾಗೇ ಇಟ್ಟುಕೊಂಡು ಪಿಸುಗುಟ್ಟಿದರು. "ಇಳಿಯೇ ಕೆಳಗೆ. ಬೆಳಗ್ಗೆ ಬಾ, ಪೂರ್ತಿ ಬಿಸಾಕ್ತೀನಿ. ಇನ್ನೂರ ನಲವತ್ತು ಪುಟದ್ದೂ."

"ಯಾರ್ರೀ ಈಯಮ್ಮ?" ಸೋಪಿನ ಯಜಮಾನರು ಕೇಳಿದರು. ನಾಲ್ಕು ತಿಂಗಳು ಎದುರಿಗೆ ಕೂತವಳ ಗುರುತು ಅವರಿಗೆ ಸಿಕ್ಕಿರಲಿಲ್ಲ.

"ಪಾತ್ರೆ ಉಜ್ಜಿದೋಳ ಮಗಳು," ಎಂದಳು ಪುಟದಕ್ಕ. ಅವರ ಕೈಯಿಂದ ಪುಸ್ತಕ ಕಿತ್ತುಕೊಂಡು ಇನ್ನೂರ ಹನ್ನೊಂದನೇ ಪುಟ ತೆಗೆದಳು. ಮೂರು ಹಾಳೆ, ಆರು ಪುಟ. ಒಂದೊಂದಾಗಿ ಹರಿದಳು. ಸದ್ದು ಮೈಕಿನಲ್ಲಿ ದೊಡ್ಡದಾಗಿ ಕೇಳಿಸಿತು. "ಇನ್ನೂರ ಮೂವತ್ನಾಲ್ಕು ಪುಟಕ್ಕೆ ಕೊಡಿ ಸಾರ್. ನಾಳೆ ಬರ್ತೀನಿ. ಇದಕ್ಕೆ ಬೇಡ. ಇದು ನಿಮ್ಗೆ ಕೊಡೋಕೆ ನನ್ನೊಬ್ಬಳದ್ದೇ ಅಲ್ಲ."

"ಇನ್ನೂ ಸಾವಿರ ಪ್ರತಿ ಇದೆ ಕಣೇ, ಎಷ್ಟು ಹರೀತೀಯಾ?" ಪ್ರಕಾಶಕರ ಕೈ ಮೈಕಿನಿಂದ ಜಾರಿತ್ತು. ಅದು ಸಭೆಗೆಲ್ಲ ಕೇಳಿಸಿತು.

ಜವಾನ ಅವಳ ರಟ್ಟೆ ಹಿಡಿಯಲು ಬಂದ. ಅಷ್ಟರಲ್ಲಿ ಸಭೆಯ ನಡುವೆ ಇನ್ನೊಂದು ಪುಸ್ತಕ ಹರಿಯುವ ಸದ್ದು ಕೇಳಿತು. ಪಕ್ಕದವರು ಬಾಗಿಲಲ್ಲಿ ಕೊಂಡು ತೊಡೆಯ ಮೇಲಿಟ್ಟುಕೊಂಡಿದ್ದ ಪ್ರತಿಯನ್ನು ಅಕ್ಕ ಎಳೆದುಕೊಂಡಿದ್ದಳು. ಪುಟದ ಸಂಖ್ಯೆ ಹುಡುಕಿ, ಕಾಲರ್ ಬಿಚ್ಚುವವಳ ಹಾಗೆ ಹೊಲಿಗೆಗುಂಟ ನೇರವಾಗಿ ಹರಿದು, ಸೆರಗಿಗೆ ಹಾಕಿಕೊಂಡು, ಮುಂದಿನ ಸಾಲಿಗೆ ಕೈಚಾಚಿದಳು.

"ಕೊಡಿ ಇಲ್ಲಿ," ಎಂದಳು. "ನಮ್ಮಮ್ಮ ಅದು."